.375 ಆ, .416 ಆ? ದೊಡ್ಡ ರೈಫಲ್ ಆರಿಸುವ ಮುಂಚೆ ಹೆಗಲನ್ನು ಕೇಳಿ

ದೊಡ್ಡ ಪ್ರಾಣಿಯ ಬೇಟೆಗೆ ರೈಫಲ್ ಹುಡುಕುವವರು ಸುತ್ತಿ ಬಳಸಿ ಕೊನೆಗೆ ಎರಡರ ಮುಂದೆ ಬಂದು ನಿಲ್ಲುತ್ತಾರೆ. ಒಂದು .375 ಎಚ್ ಅಂಡ್ ಎಚ್ ಮ್ಯಾಗ್ನಂ. ಇನ್ನೊಂದು .416 ರಿಗ್ಬಿ. ಹೆಸರಿನ ಅಂಕಿ ಗುಂಡಿನ ಅಡ್ಡಳತೆ, ಇಂಚಿನಲ್ಲಿ. ಎರಡೂ ಲಂಡನ್ನಿನ ಕೋವಿ ಕಂಪನಿಗಳಲ್ಲಿ ಹುಟ್ಟಿದವು. ರಿಗ್ಬಿಯವರದು 1911ರದ್ದು, ಹಾಲೆಂಡ್ ಅಂಡ್ ಹಾಲೆಂಡ್‌ನವರದು 1912ರದ್ದು. ನೂರು ವರ್ಷ ದಾಟಿದರೂ ಎರಡೂ ಇನ್ನೂ ಕೆಲಸ ಮಾಡುತ್ತಿವೆ, ಅಂದ ಮೇಲೆ ಎರಡರಲ್ಲೂ ಸತ್ವ ಇದೆ ಅಂತಲೇ ಅರ್ಥ. ಯಾವುದು ಒಳ್ಳೆಯದು ಅಂತ ಕೇಳುತ್ತಾ ಕೂತರೆ ವಾದ ಮುಗಿಯುವುದಿಲ್ಲ. ಯಾವುದರಲ್ಲಿ ನನ್ನ ಮೊದಲ ಈಡು ಸರಿಯಾದ ಜಾಗಕ್ಕೆ ಬೀಳುತ್ತದೆ ಅಂತ ಕೇಳಿ. ಅದಕ್ಕೆ ಉತ್ತರ ಹುಡುಕುವ ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಹೇಳುವುದೆಲ್ಲ ಕಾನೂನು ಒಪ್ಪುವ ಜಾಗದಲ್ಲಿ, ಪರವಾನಗಿ ಕೈಯಲ್ಲಿಟ್ಟುಕೊಂಡು ಮಾಡುವ ಬೇಟೆಯ ಮಾತು. ಬೇರೆ ಯಾವುದಕ್ಕೂ ಇದು ಅನ್ವಯಿಸುವುದಿಲ್ಲ.

ಹೆಜ್ಜೆ 1: ಮೊದಲು ಪ್ರಾಣಿ, ಆಮೇಲೆ ರೈಫಲ್

ಒಂದು ಹಾಳೆ ತಗೊಳ್ಳಿ. ಮುಂದಿನ ಐದಾರು ವರ್ಷದಲ್ಲಿ ನೀವು ನಿಜವಾಗಿ ಯಾವ ಪ್ರಾಣಿಗೆ ಗುರಿ ಇಡುತ್ತೀರಿ ಅಂತ ಬರೆಯಿರಿ. ಆಸೆಯ ಪಟ್ಟಿ ಬೇಡ, ಆಗುವ ಪಟ್ಟಿ ಸಾಕು.

ಪಟ್ಟಿಯಲ್ಲಿ ಕುಡು, ಈಲ್ಯಾಂಡ್‌ನಂಥ ಆಫ್ರಿಕಾದ ದೊಡ್ಡ ಹುಲ್ಲೆಗಳು, ಮೂಸ್ ಅನ್ನುವ ದೊಡ್ಡ ಜಿಂಕೆ, ದೊಡ್ಡ ಕರಡಿ, ಜೊತೆಗೆ ಒಮ್ಮೆ ಆಫ್ರಿಕಾದ ಕಾಡೆಮ್ಮೆ, ಹೀಗೆ ಬೆರಕೆ ಇದ್ದರೆ ನೀವು .375 ಕಡೆಗೆ ವಾಲಬೇಕು. ಪಟ್ಟಿಯ ತುಂಬಾ ಕಾಡೆಮ್ಮೆ ಮತ್ತು ಆನೆಯೇ ಇದ್ದು, ಅದೂ ದಟ್ಟ ಪೊದೆಯ ನೆಲದಲ್ಲಿ ಅಂತಾದರೆ .416ಕ್ಕೆ ಅರ್ಥ ಬರುತ್ತದೆ. ಬಲಿತ ಗಂಡು ಕಾಡೆಮ್ಮೆ 600 ಕಿಲೋಗೂ ಮೇಲೆ ತೂಗಬಹುದು. ಅದಕ್ಕೆ ಗುಂಡು ಹೊಡೆಯುವುದು ಹೆಚ್ಚಾಗಿ ನೂರು ಮೀಟರ್ ಒಳಗೆ, ಎಷ್ಟೋ ಸಲ ಐವತ್ತರ ಒಳಗೆ. ಅಷ್ಟು ಹತ್ತಿರ, ಅಷ್ಟು ದೊಡ್ಡ ಮೈ, ಗಾಯಗೊಂಡರೆ ತಿರುಗಿ ಬರುವ ಸ್ವಭಾವ. ಅಲ್ಲಿ ಭಾರದ ಗುಂಡಿಗೆ ಬೆಲೆ ಇದೆ.

ಕಾನೂನನ್ನೂ ಇದೇ ಹಂತದಲ್ಲಿ ನೋಡಿಕೊಳ್ಳಿ. ಅಪಾಯಕಾರಿ ಪ್ರಾಣಿಗಳಿಗೆ ಆಫ್ರಿಕಾದ ಹಲವು ದೇಶಗಳು ಕನಿಷ್ಠ ಮಿತಿ ಇಟ್ಟಿವೆ. ಕೆಲವು ಕಡೆ .375ಕ್ಕಿಂತ ಕಡಿಮೆ ಇರಬಾರದು. ಜಿಂಬಾಬ್ವೆಯಲ್ಲಿ ಆನೆ, ಕಾಡೆಮ್ಮೆಗೆ ಗುಂಡಿನ ಅಡ್ಡಳತೆ 9.2 ಮಿಲಿಮೀಟರ್‌ಗೆ ಕಡಿಮೆ ಇರಬಾರದು, ಶಕ್ತಿ 5300 ಜೂಲ್‌ಗೆ ಕಡಿಮೆ ಇರಬಾರದು ಅಂತ ಲೆಕ್ಕ. ನಮ್ಮ ಎರಡೂ ರೈಫಲ್ ಈ ಗೆರೆ ದಾಟುತ್ತವೆ. ಆದರೆ ಹೋಗುವ ಜಾಗದ ನಿಯಮವನ್ನು ಟಿಕೆಟ್ ತೆಗೆಯುವ ಮುಂಚೆಯೇ ಓದಿ.

ಹೆಜ್ಜೆ 2: ಅಂಕಿಗಳನ್ನು ನೋಡಿ, ಅಲ್ಲೇ ಕೂತುಬಿಡಬೇಡಿ

.375ರಲ್ಲಿ ಸಾಮಾನ್ಯವಾಗಿ ಬಳಸುವುದು 300 ಗ್ರೇನ್ ಗುಂಡು, ಅಂದರೆ ಸುಮಾರು 19.4 ಗ್ರಾಂ. ನಳಿಗೆಯಿಂದ ಹೊರಡುವಾಗ ಸೆಕೆಂಡಿಗೆ ಸುಮಾರು 770 ಮೀಟರ್ ವೇಗ. ಶಕ್ತಿ ಹತ್ತಿರ ಹತ್ತಿರ 5800 ಜೂಲ್. .416 ರಿಗ್ಬಿಯ ಗುಂಡು 400 ಗ್ರೇನ್, ಸುಮಾರು 26 ಗ್ರಾಂ, ವೇಗ 730 ಮೀಟರ್ ಆಸುಪಾಸು, ಶಕ್ತಿ 6900 ಜೂಲ್ ಸುತ್ತಮುತ್ತ. ಗುಂಡಿನ ತೂಕದಲ್ಲಿ ಮೂರನೇ ಒಂದು ಭಾಗ ಜಾಸ್ತಿ. ದಪ್ಪ 9.5 ಮಿಲಿಮೀಟರ್‌ನಿಂದ 10.6ಕ್ಕೆ ಏರುತ್ತದೆ.

ಇದನ್ನು ಓದಿದ ಕೂಡಲೇ ".416 ಹತ್ತಿರಕ್ಕೆ, .375 ದೂರಕ್ಕೆ" ಅಂತ ಜನ ತೀರ್ಮಾನ ಮಾಡಿಬಿಡುತ್ತಾರೆ. ಪೂರ್ತಿ ನಿಜ ಅಲ್ಲ. ಮೊನೆಯಿರುವ ಗುಂಡು ಹಾಕಿ ಎರಡನ್ನೂ 150 ಮೀಟರಿಗೆ ಗುರಿ ಕೂಡಿಸಿದರೆ, ಅಂದರೆ ಅಷ್ಟು ದೂರದಲ್ಲಿ ಗುಂಡು ಗುರಿಗೇ ಬೀಳುವ ಹಾಗೆ ಸರಿಮಾಡಿದರೆ, 200 ಮೀಟರಿನಲ್ಲಿ ಎರಡೂ ಸುಮಾರು 10-12 ಸೆಂಟಿಮೀಟರ್ ಕೆಳಗೆ ಬೀಳುತ್ತವೆ. ಇವೆರಡರ ನಡುವಿನ ವ್ಯತ್ಯಾಸ ಒಂದೆರಡು ಬೆರಳಗಲ, ಅಷ್ಟೇ. 300 ಮೀಟರಿಗೆ ಹೋದರೆ ಎರಡೂ ಅರ್ಧ ಮೀಟರಿನಷ್ಟು ಅಥವಾ ಇನ್ನೂ ಸ್ವಲ್ಪ ಕೆಳಗೆ ಇಳಿದಿರುತ್ತವೆ. ಅಷ್ಟು ದೂರದ ಈಡು ದಿನಾ ಹೊಡೆಯುವವರಿಗೆ ಈ ಎರಡೂ ಸರಿಯಾದ ರೈಫಲ್ ಅಲ್ಲ. .375ಕ್ಕೆ ಇರುವ ನಿಜವಾದ ಅನುಕೂಲ ಬೇರೆ. ಅದರಲ್ಲಿ 235, 270, 300 ಗ್ರೇನ್ ಅಂತ ಹಗುರದಿಂದ ಭಾರದವರೆಗೆ ಗುಂಡುಗಳು ಸಿಗುತ್ತವೆ, ಪ್ರಾಣಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು.

ಇನ್ನೊಂದು ಅಂಕಿ ಇದೆ, ಅದನ್ನು ಜಾಸ್ತಿ ಜನ ನೋಡುವುದೇ ಇಲ್ಲ: ತೋಟಾದೊಳಗಿನ ಒತ್ತಡ. ತೋಟಾ ಅಂದರೆ ಮದ್ದು ತುಂಬಿ, ಮೂತಿಗೆ ಗುಂಡು ಕೂರಿಸಿದ ಹಿತ್ತಾಳೆಯ ಕೊಳವೆ. ರಿಗ್ಬಿಯ ತೋಟಾ ದಪ್ಪ, ಹೊಟ್ಟೆಯಲ್ಲಿ ಜಾಗ ಧಾರಾಳ. ಆ ಕಾಲದ ಕಾರ್ಡೈಟ್ ಮದ್ದು ಬಿಸಿಲಿಗೆ ಕಾದರೆ ಒತ್ತಡ ಏರುತ್ತಿತ್ತು. ಒತ್ತಡ ಏರಿದರೆ ಹೊಡೆದ ತೋಟಾದ ಹಿತ್ತಾಳೆ ಉಬ್ಬಿ ಚೇಂಬರಿಗೆ, ಅಂದರೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗಕ್ಕೆ, ಕಚ್ಚಿಕೊಳ್ಳುತ್ತದೆ. ತೋಟಾ ಒಳಗೆ ತಳ್ಳುವ, ಹೊರಗೆ ಎಳೆಯುವ ಬೋಲ್ಟ್ ಎಳೆದರೂ ಬರುವುದಿಲ್ಲ. ಎದುರಿಗೆ ಕಾಡೆಮ್ಮೆ ನಿಂತಿರುವಾಗ ಹಾಗಾದರೆ ಏನು ಗತಿ ಅಂತ ಯೋಚಿಸಿ. ಅದಕ್ಕೇ ಒತ್ತಡ ಕಡಿಮೆ ಇರುವ ಹಾಗೆ ದೊಡ್ಡ ತೋಟಾ ಮಾಡಿದರು. ಈಗಿನ ಮದ್ದು ಬಿಸಿಲಿಗೆ ಅಷ್ಟು ಬದಲಾಗುವುದಿಲ್ಲ, ಆದರೂ ಸುಡುಬಿಸಿಲಿನ ನೆಲದಲ್ಲಿ ರಿಗ್ಬಿಯ ಖಾಲಿ ತೋಟಾ ಸಲೀಸಾಗಿ ಹೊರಗೆ ಬರುವುದನ್ನು ನೋಡಿದರೆ ಈ ಜನ ಎಷ್ಟು ಯೋಚಿಸಿದ್ದರು ಅಂತ ಗೌರವ ಬರುತ್ತದೆ. .375ರ ತೋಟಾಗೆ ಬೇರೆ ಥರದ ಅನುಕೂಲ. ಅದರ ಮೈ ಮುಂದಕ್ಕೆ ಹೋಗುತ್ತಾ ಸಣ್ಣಗಾಗುತ್ತದೆ, ಹಾಗಾಗಿ ಚೇಂಬರಿಗೆ ಜಾರಿಕೊಂಡು ಹೋಗುತ್ತದೆ.

ಹೆಜ್ಜೆ 3: ಒದೆತ

ಒದೆತ ಅಂದರೆ ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಬಂದು ಹೆಗಲಿಗೆ ಕೊಡುವ ಪೆಟ್ಟು. ನಿಮ್ಮ ತೀರ್ಮಾನ ನಿಜವಾಗಿ ಆಗುವುದು ಇಲ್ಲೇ. ಸ್ವಲ್ಪ ಹೊತ್ತು ನಿಲ್ಲೋಣ.

ಬಹಳ ಜನ ಬೇಟೆಗಾರರು ಬಳಸಿ ಗೊತ್ತಿರುವ .30-06 ರೈಫಲ್‌ನ ಒದೆತ ಸುಮಾರು 27 ಜೂಲ್. ನಾಲ್ಕು ಕಿಲೋ ತೂಕದ .375ರದ್ದು ಹೆಚ್ಚುಕಡಿಮೆ ಅದರ ಎರಡರಷ್ಟು. ನಾಲ್ಕೂವರೆ ಕಿಲೋ .416ರದ್ದು ಮೂರರಷ್ಟರ ಹತ್ತಿರ. ಗಮನಿಸಿ, .416 ರೈಫಲ್ ತಾನೇ ಅರ್ಧ ಕಿಲೋ ಜಾಸ್ತಿ ತೂಗಿಯೂ ಹೀಗೆ. .375ರ ಒದೆತ ಜೋರಾಗಿ ತಳ್ಳಿದ ಹಾಗೆ ಇರುತ್ತದೆ, ಅಭ್ಯಾಸ ಇದ್ದವರು ಬೇಗ ಒಗ್ಗಿಕೊಳ್ಳುತ್ತಾರೆ. .416ರಲ್ಲಿ ಮೈಯೇ ಅಲುಗುತ್ತದೆ, ಕಾಲು ಸರಿಯಾಗಿ ಊರಿರದಿದ್ದರೆ ಒಂದು ಹೆಜ್ಜೆ ಹಿಂದೆ ಹೋಗುತ್ತೀರಿ.

ನೋವು ದೊಡ್ಡ ವಿಷಯ ಅಲ್ಲ. ನೋವಿನ ಭಯ ದೊಡ್ಡ ವಿಷಯ. ಆ ಭಯ ನಮಗೇ ಗೊತ್ತಾಗದ ಹಾಗೆ ಕೈಗೆ ಇಳಿದಿರುತ್ತದೆ. ಪತ್ತೆ ಮಾಡಲು ಒಂದು ಪರೀಕ್ಷೆ ಇದೆ. ಶೂಟಿಂಗ್ ರೇಂಜಿನಲ್ಲಿ ಜೊತೆಯವರ ಕೈಗೆ ರೈಫಲ್ ಕೊಡಿ. ಅವರು ನಿಮಗೆ ಕಾಣದ ಹಾಗೆ ಒಮ್ಮೆ ನಿಜವಾದ ತೋಟಾ, ಒಮ್ಮೆ ಡಮ್ಮಿ ತೋಟಾ ಹಾಕಿ ಕೊಡಲಿ. ನೀವು ಉಸಿರು ಹಿಡಿದು, ಗುರಿ ನೋಡಿ, ಟ್ರಿಗರ್ ಒತ್ತುತ್ತೀರಿ. ಡಮ್ಮಿ ಬಂದಾಗ "ಟಿಕ್" ಅಂತ ಮಾತ್ರ ಸದ್ದು. ಆ ಕ್ಷಣ ನಳಿಗೆಯ ತುದಿ ನೋಡಬೇಕು. ನಾನು ಮೊದಲ ಸಲ .416ರಲ್ಲಿ ಈ ಪರೀಕ್ಷೆ ಮಾಡಿದಾಗ ತುದಿ ಎಡಕ್ಕೂ ಕೆಳಕ್ಕೂ ಒಂದು ಗೇಣು ಕುಕ್ಕಿತು, ಕಣ್ಣು ಬಿಗಿಯಾಗಿ ಮುಚ್ಚಿತ್ತು, ಹೆಗಲು ಮುಂದಕ್ಕೆ ಚಾಚಿತ್ತು. ಅಲ್ಲಿಯವರೆಗೆ ಸ್ಕೋಪಿನಲ್ಲೇ (ಗುರಿ ನೋಡುವ ದುರ್ಬೀನಿನಲ್ಲೇ) ಏನೋ ತೊಂದರೆ ಇದೆ ಅಂತ ನಾನು ನಂಬಿದ್ದೆ. ಅದೇ ದಿನ .375ರಲ್ಲಿ ಮಾಡಿದಾಗ ತುದಿ ಅಲ್ಲೇ ನಿಂತಿತ್ತು. ಕಾಗದದ ಮೇಲಿನ ಯಾವ ಅಂಕಿಯೂ ನನಗೆ ಅಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಹಾಗಂತ .416 ಬೇಡ ಅಂತಲ್ಲ. ದಿನಾ ಮನೆಯಲ್ಲಿ ಖಾಲಿ ರೈಫಲ್‌ನಲ್ಲಿ ಟ್ರಿಗರ್ ಅಭ್ಯಾಸ, ರೇಂಜಿನಲ್ಲಿ .22 ರೈಫಲ್‌ನಿಂದ ಐವತ್ತು ಈಡು, ಆಮೇಲೆ ದೊಡ್ಡದರಲ್ಲಿ ಏಳೆಂಟು ಮಾತ್ರ. ಹೀಗೆ ಕೆಲವು ತಿಂಗಳು ಮಾಡಿದರೆ ಭಯ ಇಳಿಯುತ್ತದೆ. ಒಂದೇ ದಿನ ಮೂವತ್ತು ಈಡು ಹೊಡೆದು ಗಂಡಸುತನ ತೋರಿಸಲು ಹೋಗಬೇಡಿ. ಆ ದಿನ ಕಲಿತ ಬೆದರು ತಿಂಗಳುಗಟ್ಟಲೆ ಬಿಡುವುದಿಲ್ಲ.

ಹೆಜ್ಜೆ 4: ಮೈಗೆ ಹೊಂದುತ್ತದಾ?

ಅಂಗಿ ಹಾಕಿ ನೋಡಿ ಕೊಳ್ಳುತ್ತೀರಿ ಅಲ್ವಾ? ರೈಫಲ್ ಕೂಡ ಹಾಗೇ.

ಖಾಲಿ ಇದೆ ಅಂತ ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳಿ. ಗೋಡೆಯ ಮೇಲೆ ಅಪಾಯವಿಲ್ಲದ ಕಡೆ ಒಂದು ಚುಕ್ಕೆ ನೋಡಿ, ಕಣ್ಣು ಮುಚ್ಚಿ, ರೈಫಲ್ ಹೆಗಲಿಗೆ ಎತ್ತಿ, ಕೆನ್ನೆ ಊರಿ. ಈಗ ಕಣ್ಣು ತೆರೆಯಿರಿ. ಚುಕ್ಕೆ ನೇರ ಕಂಡರೆ ಸ್ಟಾಕ್, ಅಂದರೆ ಹೆಗಲಿಗೆ ಒತ್ತುವ ಮರದ ಭಾಗ, ನಿಮ್ಮದು. ಕುತ್ತಿಗೆ ಚಾಚಬೇಕಾದರೆ, ತಲೆ ಎತ್ತಬೇಕಾದರೆ ಅಲ್ಲ. ಹತ್ತು ಸಲ ಮಾಡಿ. ದಪ್ಪ ಜಾಕೆಟ್ ಹಾಕಿಕೊಂಡೂ ಮಾಡಿ, ಯಾಕೆಂದರೆ ಬಟ್ಟೆಯ ದಪ್ಪಕ್ಕೆ ಸ್ಟಾಕ್ ಉದ್ದ ಅನ್ನಿಸತೊಡಗುತ್ತದೆ.

ಸ್ಕೋಪ್ ವಿಷಯದಲ್ಲಿ ಜಿಪುಣತನ ಬೇಡ. 1ರಿಂದ 4 ಅಥವಾ 1.5ರಿಂದ 6 ಪಟ್ಟು ದೊಡ್ಡದು ಮಾಡಿ ತೋರಿಸುವುದು ಸಾಕು, ಅದಕ್ಕಿಂತ ಜಾಸ್ತಿ ಬೇಕಿಲ್ಲ. ಮುಖ್ಯವಾದದ್ದು ಕಣ್ಣಿಗೂ ಸ್ಕೋಪಿಗೂ ನಡುವಿನ ಅಂತರ. 9-10 ಸೆಂಟಿಮೀಟರ್ ಇದ್ದರೂ ಚಿತ್ರ ಪೂರ್ತಿ ಕಾಣಬೇಕು. ಕಡಿಮೆ ಇದ್ದರೆ ಒದೆತಕ್ಕೆ ಸ್ಕೋಪಿನ ಅಂಚು ಬಂದು ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ ಮಾಡುತ್ತದೆ. ಮೇಲಕ್ಕೆ ಗುರಿ ಇಟ್ಟು ಹೊಡೆಯುವಾಗ, ಮಲಗಿ ಹೊಡೆಯುವಾಗ ಇದು ಇನ್ನೂ ಸುಲಭವಾಗಿ ಆಗುತ್ತದೆ. ಸ್ಕೋಪ್ ಬೇಗ ಬಿಚ್ಚಿಡುವ ಹಾಗೆ ಕೂಡಿಸಿರಲಿ, ಸ್ಕೋಪ್ ಇಲ್ಲದೆಯೂ ಗುರಿ ನೋಡಲು ಕೆಳಗೆ ನಳಿಗೆಯ ಮೇಲೆ ಕಬ್ಬಿಣದ ಗುರಿ ಇರಲೇಬೇಕು. ಮಳೆ, ಧೂಳು, ಬಿದ್ದ ಪೆಟ್ಟು, ಏನೇ ಆದರೂ ಅದು ಕೈಬಿಡುವುದಿಲ್ಲ.

ಸ್ಟಾಕಿನ ಮರದಲ್ಲಿ ಅಡ್ಡಕ್ಕೆ ತೂರಿಸಿದ ಬೋಲ್ಟುಗಳಿವೆಯಾ ನೋಡಿ, ಈ ಮಟ್ಟದ ಒದೆತಕ್ಕೆ ಮರ ಸೀಳದಂತೆ ತಡೆಯುವುದು ಅವೇ. ಹಳೆಯ ರೈಫಲ್ ಆದರೆ ಆಕ್ಷನ್ (ಬೋಲ್ಟ್ ಓಡುವ ಲೋಹದ ಭಾಗ) ಹಿಂಬದಿ ಮುಗಿಯುವ ಜಾಗದಲ್ಲಿ ಮರದ ಮೇಲೆ ಉಗುರು ಓಡಿಸಿ. ಕೂದಲೆಳೆ ಬಿರುಕು ಕಣ್ಣಿಗೆ ತಪ್ಪಿಸಿಕೊಂಡರೂ ಉಗುರಿಗೆ ಸಿಗುತ್ತದೆ. ಇನ್ನು ಹೆಗಲ ಪಟ್ಟಿಯ ಮುಂದಿನ ಕೊಂಡಿ ನಳಿಗೆಯ ಮೇಲೇ ಇದ್ದರೆ ಒಳ್ಳೆಯದು. ಮರದ ಮೇಲಿದ್ದರೆ ಒದೆತಕ್ಕೆ ಮುಂದೆ ಹಿಡಿದ ಕೈಯ ಬೆರಳಿಗೆ ಬಂದು ಬಡಿಯುತ್ತದೆ.

ಹೆಜ್ಜೆ 5: ಬೋಲ್ಟ್ ಓಡಿಸಿ ನೋಡಿ

ಎರಡೂ ಉದ್ದ ತೋಟಾಗಳು, 70 ಮಿಲಿಮೀಟರ್‌ಗೂ ಮೀರಿದ ಹಿತ್ತಾಳೆ, ಅದರ ಮೇಲೆ ಗುಂಡು. ಹಾಗಾಗಿ ಬೋಲ್ಟ್ ಬಹಳ ದೂರ ಹಿಂದಕ್ಕೆ ಬರಬೇಕು. ಗಡಿಬಿಡಿಯಲ್ಲಿ ಅರ್ಧ ಎಳೆದು ಮುಂದೆ ತಳ್ಳಿದರೆ ಖಾಲಿ ತೋಟಾ ಹೊರಗೆ ಬರುವುದಿಲ್ಲ, ಹೊಸದೂ ಒಳಗೆ ಹೋಗುವುದಿಲ್ಲ. ಸಣ್ಣ ರೈಫಲ್ ಅಭ್ಯಾಸ ಇರುವವರು ಈ ತಪ್ಪನ್ನು ಬಹಳ ಸಲ ಮಾಡುತ್ತಾರೆ. ಬೋಲ್ಟನ್ನು ನಿಲ್ಲುವ ತನಕ, ಟಕ್ ಅನ್ನುವ ತನಕ, ಬಲವಾಗಿ ಎಳೆಯಿರಿ. ಮೆಲ್ಲಗೆ ಮಾಡುವ ಕೆಲಸ ಅಲ್ಲ ಇದು.

1898ರ ಮೌಸರ್ ಮಾದರಿಯ ಆಕ್ಷನ್‌ನಲ್ಲಿ ಬೋಲ್ಟಿನ ಪಕ್ಕಕ್ಕೆ ಉಗುರಿನಂಥ ಉದ್ದನೆಯ ಕೊಕ್ಕೆ ಇರುತ್ತದೆ. ತೋಟಾ ಮ್ಯಾಗಝೀನ್‌ನಿಂದ ಮೇಲೆ ಬಂದ ಕೂಡಲೇ ಅದು ಅಂಚನ್ನು ಹಿಡಿದುಕೊಂಡುಬಿಡುತ್ತದೆ, ಹೊರಗೆ ಎಸೆಯುವ ತನಕ ಬಿಡುವುದಿಲ್ಲ. ಓಡುತ್ತಾ, ವಾಲಿಕೊಂಡು, ಹೇಗೆ ಬೋಲ್ಟ್ ಓಡಿಸಿದರೂ ತೋಟಾ ಜಾರಿ ಬೀಳುವುದಿಲ್ಲ. ಇನ್ನೊಂದು ಬಗೆಯಲ್ಲಿ ಬೋಲ್ಟ್ ತೋಟಾವನ್ನು ಸುಮ್ನೆ ಮುಂದೆ ತಳ್ಳುತ್ತದೆ, ಪೂರ್ತಿ ಒಳಗೆ ಹೋದ ಮೇಲೆ ಮಾತ್ರ ಹಿಡಿಯುತ್ತದೆ. ಅದೂ ಕೆಲಸ ಮಾಡುತ್ತದೆ. ಆದರೆ ಅಪಾಯಕಾರಿ ಪ್ರಾಣಿಗೆ ನನ್ನ ಆಯ್ಕೆ ಉಗುರಿನದೇ, ಈ ಮಾತಿನಲ್ಲಿ ರಾಜಿ ಇಲ್ಲ.

ಮ್ಯಾಗಝೀನ್ ತುಂಬಾ ಡಮ್ಮಿ ತೋಟಾ ಹಾಕಿ. ಚೂಪು ಮೂತಿಯವು, ಮೊಂಡು ಮೂತಿಯವು ಎರಡನ್ನೂ ಹಾಕಿ. ನಿಧಾನವಾಗಿ, ಜೋರಾಗಿ, ರೈಫಲ್ ಹೆಗಲಿನಿಂದ ಇಳಿಸದೆ ಓಡಿಸಿ. ಐವತ್ತು ಸಲದಲ್ಲಿ ಒಮ್ಮೆ ಸಿಕ್ಕಿಕೊಂಡರೂ ಆ ರೈಫಲ್ ಬಿಡಿ, ಇಲ್ಲವೇ ಬಲ್ಲವರ ಕೈಯಲ್ಲಿ ಸರಿ ಮಾಡಿಸಿ.

ರಿಗ್ಬಿ ತೋಟಾ ದಪ್ಪ ಇರುವುದರಿಂದ ಅದಕ್ಕೆ ದೊಡ್ಡ ಮೈಯ ಆಕ್ಷನ್ ಬೇಕು. ಬ್ರ್ನೋ ಮತ್ತು ಸಿಝಡ್ ಅನ್ನುವ ಜೆಕ್ ರೈಫಲ್‌ಗಳ ದೊಡ್ಡ ಆಕ್ಷನ್‌ಗಳಲ್ಲಿ ಎರಡೂ ಬಂದಿವೆ. ಅಲ್ಲಿ .375 ಕೊಂಡರೂ ಮೈ ದಪ್ಪ, ತೂಕ ಜಾಸ್ತಿ. ಇದು ಒಂದು ಕಡೆ ಒದೆತಕ್ಕೆ ಒಳ್ಳೆಯದು, ಇನ್ನೊಂದು ಕಡೆ ದಿನವಿಡೀ ಹೊತ್ತು ನಡೆಯುವಾಗ ಸಂಜೆಗೆ ಹೆಗಲು ನೆನಪಿಸುತ್ತದೆ.

ಹೆಜ್ಜೆ 6: ತೋಟಾ ಸಿಗುತ್ತದಾ, ಯಾವ ಗುಂಡು?

.375 ತೋಟಾ ಜಗತ್ತಿನ ಬೇಟೆ ನೆಲಗಳಲ್ಲಿ ಹೆಚ್ಚು ಸುಲಭವಾಗಿ ಸಿಗುವ ದೊಡ್ಡ ತೋಟಾ. ಪ್ರಯಾಣದಲ್ಲಿ ರೈಫಲ್ ಒಂದು ಕಡೆ, ತೋಟಾ ಪೆಟ್ಟಿಗೆ ಇನ್ನೊಂದು ಕಡೆ ಹೋದರೆ ಇದರ ಬೆಲೆ ಗೊತ್ತಾಗುತ್ತದೆ.

.416 ಅಂತ ಹೇಳುವಾಗ ಪೂರ್ತಿ ಹೆಸರು ಹೇಳಿ. .416 ರಿಗ್ಬಿ ಬೇರೆ, 1988ರಲ್ಲಿ ಬಂದ .416 ರೆಮಿಂಗ್ಟನ್ ಮ್ಯಾಗ್ನಂ ಬೇರೆ, 2008ರ .416 ರೂಗರ್ ಬೇರೆ. ಗುಂಡಿನ ದಪ್ಪ ಒಂದೇ, ಕೆಲಸವೂ ಹೆಚ್ಚುಕಡಿಮೆ ಒಂದೇ, ತೋಟಾ ಮಾತ್ರ ಒಂದಕ್ಕೊಂದು ಕೂರುವುದಿಲ್ಲ. ನಳಿಗೆಯ ಮೇಲೆ ಕೊರೆದಿರುವ ಹೆಸರು, ತೋಟಾದ ತಳದಲ್ಲಿ ಒತ್ತಿರುವ ಹೆಸರು ಒಂದೇ ಇರಬೇಕು. ತಪ್ಪಿದರೆ ಜೀವಕ್ಕೇ ಅಪಾಯ.

ಗುಂಡಿನಲ್ಲಿ ಎರಡು ಜಾತಿ. ಒಳಗೆ ಹೋಗಿ ಅರಳುವ ಮೆದು ಮೂತಿಯದು ಒಂದು, ಅರಳದೆ ನೇರ ಆಳಕ್ಕೆ ಕೊರೆಯುವ ಗಟ್ಟಿ ಗುಂಡು ಇನ್ನೊಂದು. ಕಾಡೆಮ್ಮೆಗೆ ಮೊದಲನೆಯದು ಗಟ್ಟಿಮುಟ್ಟಾಗಿ ಕಟ್ಟಿದ ಮೆದು ಮೂತಿ, ಆಮೇಲಿನವು ಗಟ್ಟಿ ಗುಂಡು ಅನ್ನುವುದು ಹಳೆಯ ಪದ್ಧತಿ. ಆನೆಗೆ ಗಟ್ಟಿ ಗುಂಡು ಮಾತ್ರ. ಅಗ್ಗದ ಮೆದು ಗುಂಡು ಹಾಕಿದ .416ಗಿಂತ ಒಳ್ಳೆಯ ಗುಂಡು ಹಾಕಿದ .375 ಎಷ್ಟೋ ಮೇಲು. ಒಂದು ಎಚ್ಚರಿಕೆ ಕೊಡಲೇಬೇಕು: ಈ ಗುಂಡುಗಳು ಪ್ರಾಣಿಯ ಮೈ ದಾಟಿ ಆಚೆ ಹೋಗಬಲ್ಲವು. ಹಿಂಡಿನಲ್ಲಿ ಹಿಂದೆ ಇನ್ನೊಂದು ನಿಂತಿದ್ದರೆ ಟ್ರಿಗರ್ ಮುಟ್ಟಬೇಡಿ.

ಹೆಜ್ಜೆ 7: ಎರಡಕ್ಕೂ ಒಂದೇ ಪರೀಕ್ಷೆ

ಎರಡು ರೈಫಲ್‌ಗಳನ್ನೂ ಒಂದೇ ದಿನ ಹೊಡೆದು ನೋಡುವ ಅವಕಾಶ ಮಾಡಿಕೊಳ್ಳಿ. ಬಲ್ಲ ಗೆಳೆಯರದ್ದಾಗಲಿ, ರೇಂಜಿನದ್ದಾಗಲಿ. ಕೂತು, ಮೇಜಿನ ಮೇಲೆ ರೈಫಲ್ ಊರಿ ಹೊಡೆಯಬೇಡಿ, ಅಲ್ಲಿ ಒದೆತ ಮೈಯೊಳಗೇ ಇಂಗುತ್ತದೆ. ನಿಂತು, ಮೂರು ಕಾಲಿನ ಊರುಗೋಲಿನ ಮೇಲೆ ರೈಫಲ್ ಇಟ್ಟು ಹೊಡೆಯಿರಿ. ಬೇಟೆಯಲ್ಲಿ ನೀವು ನಿಲ್ಲುವುದೂ ಹಾಗೇ.

ಗುರಿ 15 ಸೆಂಟಿಮೀಟರ್ ಅಗಲದ ಬಿಲ್ಲೆ. ಐವತ್ತು ಮೀಟರಿನಲ್ಲಿ ಮೂರು ಈಡು, ನೂರರಲ್ಲಿ ಮೂರು. ಆಮೇಲೆ ಒಂದು ಸುತ್ತು ಚುರುಕಾಗಿ ನಡೆದು ಬನ್ನಿ, ಎದೆ ಬಡಿಯುತ್ತಿರುವಾಗಲೇ ಎರಡು ಈಡು, ನಡುವೆ ಬೋಲ್ಟ್ ಹೆಗಲ ಮೇಲೇ ಓಡಿಸಿ. ಎರಡನೆಯದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಯಾರಾದರೂ ಎಣಿಸಲಿ. ಮೊದಲು .375, ಸಾಕಷ್ಟು ಬಿಡುವು ಕೊಟ್ಟು .416. ಕಿವಿಗೆ ರಕ್ಷಣೆ ಎರಡು ಪದರ ಇರಲಿ.

.416ರಲ್ಲೂ ಎಲ್ಲವೂ ಬಿಲ್ಲೆಯೊಳಗೇ ಬಿದ್ದು, ಎರಡನೇ ಈಡಿಗೆ ಜಾಸ್ತಿ ಹೊತ್ತು ಹಿಡಿಯದಿದ್ದರೆ, ನಿಮ್ಮ ಪಟ್ಟಿಯಲ್ಲಿ ಕಾಡೆಮ್ಮೆ ಆನೆಗಳೇ ತುಂಬಿದ್ದರೆ, ಧೈರ್ಯವಾಗಿ .416 ತಗೊಳ್ಳಿ. ಬಿಲ್ಲೆಯಿಂದ ಒಂದೇ ಒಂದು ಹೊರಗೆ ಹೋದರೂ ಸದ್ಯಕ್ಕೆ .375. ಪಕ್ಕಕ್ಕೆ ನಿಂತ ಕಾಡೆಮ್ಮೆಯ ಮುಂಗಾಲಿನ ನೇರಕ್ಕೆ, ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ, ಹೃದಯ ಮತ್ತು ಶ್ವಾಸಕೋಶ ಸೇರುವ ಜಾಗ ಇದೆ. ಅಲ್ಲಿಗೆ ಬಿದ್ದ .375 ಕೆಲಸ ಮುಗಿಸುತ್ತದೆ. ಒಂದು ಗೇಣು ಹಿಂದೆ, ಹೊಟ್ಟೆಗೆ ಬಿದ್ದ .416 ಆ ಪ್ರಾಣಿಗೆ ಇಡೀ ದಿನದ ನರಕ, ಹೆಜ್ಜೆ ಹುಡುಕಿಕೊಂಡು ಪೊದೆಯೊಳಗೆ ಹೋಗುವವರಿಗೆ ಜೀವಭಯ. ನನ್ನ ಮಟ್ಟಿಗೆ ಈ ಒಂದು ಕಾರಣವೇ ಸಾಕು.

ಮೊದಲ ದೊಡ್ಡ ರೈಫಲ್, ಒಂದೇ ರೈಫಲ್ ಅಂತಾದರೆ ನಾನು ಪರೀಕ್ಷೆಗೂ ಮುಂಚೆಯೇ .375 ಅನ್ನುತ್ತೇನೆ. ಎರಡನೆಯದಾಗಿ ಕೊಳ್ಳುವವರಿಗೆ .416 ಬಹಳ ಚೆಂದ.

ಹೆಜ್ಜೆ 8: ತಗೊಂಡ ಮೇಲೆ

ಮೊದಲ ಇಪ್ಪತ್ತು ಈಡಿನ ನಂತರ ಆಕ್ಷನ್ ತಿರುಪು, ಸ್ಕೋಪ್ ತಿರುಪು ಎಲ್ಲ ಬಿಗಿ ಇವೆಯಾ ನೋಡಿ. ದೊಡ್ಡ ಒದೆತಕ್ಕೆ ಅವು ಸಡಿಲವಾಗುತ್ತವೆ. ಮೂರು ಬಗೆಯ ತೋಟಾ ತಂದು, ನಳಿಗೆಗೆ ಒಗ್ಗುವ ಒಂದನ್ನು ಆರಿಸಿ, ಅದನ್ನೇ ಸಾಕಷ್ಟು ಕೂಡಿಟ್ಟುಕೊಳ್ಳಿ. ವಿಮಾನದಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಐದು ಕಿಲೋ ತೋಟಾ ಮಿತಿ, ಅಷ್ಟರಲ್ಲಿ ಒಂದು ಬೇಟೆಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ.

ಹೋದ ಜಾಗಕ್ಕೆ ತಲುಪಿದ ದಿನವೇ, ಪೆಟ್ಟಿಗೆಯಿಂದ ತೆಗೆದು, ನೂರು ಮೀಟರಿಗೆ ಕಾಗದ ಕಟ್ಟಿ ಮೂರು ಈಡು ಹೊಡೆದು ನೋಡಿ. ಪ್ರಯಾಣದಲ್ಲಿ ಪೆಟ್ಟು ಬಿದ್ದು ಸ್ಕೋಪ್ ಸರಿದಿದ್ದರೆ ಅಲ್ಲೇ ಗೊತ್ತಾಗಲಿ.